ರಂಗೋಲಿಯಲ್ಲಿ ಹಾಕಿದ ಪಾರ್ಕು

ನಮ್ಮತ್ತೆಯ ಮನೆಯ ಮುಂದೆ ಒಂದು ಪಾರ್ಕಿತ್ತು. ಪಾರ್ಕು ಎಂದೆನಲ್ಲ, ಅದರಲ್ಲಿ ಮರವಿರಲಿಲ್ಲ, ಬೆಂಚಿರಲಿಲ್ಲ, ಹೂವಿನ ಗಿಡವಂತೂ ಹೆಸರಿಗೂ ಇರಲಿಲ್ಲ. ಒಂದು ಮೂಲೆಯಲ್ಲಿ ಜಾಲಿಯ ಪೊದೆ, ಇನ್ನೊಂದು ಮೂಲೆಯಲ್ಲಿ ಯಾರೋ ಮನೆ ಕಟ್ಟಿ ಮಿಕ್ಕಿದ ಜಲ್ಲಿಯ ಗುಡ್ಡೆ, ನಡುವೆ ಬಟಾಬಯಲು. ಬಡಾವಣೆ ಮಾಡಿದಾಗ ಉದ್ಯಾನಕ್ಕೆಂದು ಬಿಟ್ಟ ಜಾಗ ಎಂದು ಒಂದು ತಗಡಿನ ಬೋರ್ಡು ನೆಟ್ಟಿದ್ದರು. ಬೋರ್ಡಿನ ಅಕ್ಷರ ಅಳಿಸಿಹೋಗಿ ಎಷ್ಟೋ ಕಾಲವಾಗಿತ್ತು. ಜನ ಮಾತ್ರ ಅದನ್ನು ಪಾರ್ಕು ಎನ್ನುವುದನ್ನು ಬಿಟ್ಟಿರಲಿಲ್ಲ. “ಎಮ್ಮೆ ಎಲ್ಲೈತೆ?” ಎಂದರೆ “ಪಾರ್ಕಿನಾಗೆ ಕಟ್ಟೀನಿ” ಎನ್ನುತ್ತಿದ್ದರು.

ಇದು ದಾವಣಗೆರೆಯ ನಿಟ್ಟುವಳ್ಳಿಯ ಮಾತು. ಒಂದು ಕಾಲಕ್ಕೆ ಬೇರೆಯೇ ಹಳ್ಳಿ, ಆಮೇಲೆ ಊರು ಬೆಳೆದು ಅದನ್ನು ಒಳಗೆ ಹಾಕಿಕೊಂಡಿತು. ತೊಂಬತ್ತರ ದಶಕದ ಕೊನೆ. ದಾವಣಗೆರೆ ಜಿಲ್ಲೆಯಾಗಿ ಹೆಚ್ಚು ದಿನವಾಗಿರಲಿಲ್ಲ, ಊರಿಗೆ ಎಲ್ಲಿಲ್ಲದ ಉಮೇದು ಬಂದಿತ್ತು. ಎಲ್ಲಿ ನೋಡಿದರೂ ಅಗೆತ, ಸುಣ್ಣಬಣ್ಣ, ಹೊಸ ಬೋರ್ಡು. ಆ ಉಮೇದಿನಲ್ಲೇ ಬಡಾವಣೆಗಳಲ್ಲಿ ಖಾಲಿ ಬಿದ್ದಿದ್ದ ಇಂಥ ಸಣ್ಣ ಸಣ್ಣ ಜಾಗಗಳನ್ನು ನಿಜವಾದ ಪಾರ್ಕು ಮಾಡುವ ಮಾತು ಹುಟ್ಟಿತು. ನಕ್ಷೆ ಹಾಕಿಕೊಡುವ ಕೆಲಸ ನಮ್ಮ ಸಾಹೇಬರ ಆಫೀಸಿಗೆ ಬಂತು.

ಆಫೀಸು ಎಂದರೆ ಕೆ.ಬಿ. ಬಡಾವಣೆಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ. ಸಾಹೇಬರು ಖಾಸಗಿ ಎಂಜಿನಿಯರು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ನಕ್ಷೆ ಬರೆಯುವ ಹುಡುಗಿ. ನನ್ನ ಊರು ಹರಿಹರ. ದಿನಾ ಬಸ್ಸಿಗೆ ಅಲೆಯುವುದು ಬೇಡವೆಂದು ಅಪ್ಪ ನನ್ನನ್ನು ವಾರವೆಲ್ಲ ತಮ್ಮ ತಂಗಿಯ, ಅಂದರೆ ಈ ಅತ್ತೆಯ, ಮನೆಯಲ್ಲಿ ಇರಿಸಿದ್ದರು. ಶನಿವಾರ ಸಂಜೆ ಹರಿಹರ, ಸೋಮವಾರ ಬೆಳಿಗ್ಗೆ ಮತ್ತೆ ದಾವಣಗೆರೆ. ನನಗೆ ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಸ್ವಲ್ಪ ಒಳಗೆ ಸರಿದಿದೆ ಎಂದು ಮನೆಯವರು ಹೇಳುತ್ತಾರೆ, ನನಗೇನೂ ಹಾಗನ್ನಿಸುವುದಿಲ್ಲ.

ಅತ್ತೆಯನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ, ಅಷ್ಟು ಸಲಿಗೆ. ಮಾವ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದವರು, ನಾನು ಪಾಲಿಟೆಕ್ನಿಕ್ ಸೇರುವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿಲ್ಲ. ಅತ್ತೆ ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದಳು, ಓಣಿಯ ಹೆಂಗಸರೆಲ್ಲ ಅವಳ ಗಿರಾಕಿಗಳೇ. ಬಾಯಿ ಜೋರು, ಕೈ ಚುರುಕು. ನೋಡಿದವರಿಗೆ ಇವಳಿಗೇನು ಕಡಿಮೆ ಅನ್ನಿಸಬೇಕು.

ಕಡಿಮೆ ಏನೆಂಬುದು ಜೊತೆಗಿದ್ದ ನನಗೆ ಕಾಣುತ್ತಿತ್ತು. ಶ್ರಾವಣ ಬಂತೆಂದರೆ ಓಣಿಯ ಹೆಂಗಸರು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಅರಿಶಿನ-ಕುಂಕುಮಕ್ಕೆ ಓಡಾಡುತ್ತಿದ್ದರು. ಅವರ ಬಳೆಯ ಸದ್ದು ಕೇಳುವ ಮೊದಲೇ ಅತ್ತೆ ಎದ್ದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಯಾರೂ ಅವಳಿಗೆ ಬರಬೇಡ ಎಂದವರಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಯಾರಾದರೂ ಅಂದಿದ್ದರೆ ನಾನು ಹೋಗಿ ಜಗಳವಾಡಿ ಬರುತ್ತಿದ್ದೆ.

ರಂಗೋಲಿಯದೂ ಅದೇ ಕಥೆ. ಒಂದು ಕಾಲಕ್ಕೆ ಅವಳ ಅಂಗಳದ ರಂಗೋಲಿ ನೋಡಿ ನಕಲು ಮಾಡಿಕೊಳ್ಳಲು ಬೇರೆ ಓಣಿಯಿಂದ ಹುಡುಗಿಯರು ಬರುತ್ತಿದ್ದರಂತೆ. ಮಾವ ಹೋದ ಮೇಲೆ ಅವಳು ಬೆಳಿಗ್ಗೆ ಎದ್ದು ಗುಡಿಸುವಳು, ನೀರು ಹಾಕುವಳು, ಅಷ್ಟೇ. ನೆಲ ಹಸಿಯಾಗಿ ಬೋಳಾಗಿ ಇರುತ್ತಿತ್ತು. ನಾನು ಎರಡು ಗೆರೆ ಎಳೆಯಲು ಹೋದರೆ ಬೇಡವೆನ್ನುತ್ತಿರಲಿಲ್ಲ, ಆದರೆ ನನ್ನ ಗೆರೆ ನೋಡಿ ಮುಖ ಸೊಟ್ಟ ಮಾಡುತ್ತಿದ್ದಳು. “ಎಂಜಿನಿಯರ್ ಅಂತೆ, ಒಂದು ಗೆರಿ ನೆಟ್ಟಗೆ ಬರಲ್ಲ.”

ಇಂಥ ಅತ್ತೆ ವರ್ಷಕ್ಕೊಮ್ಮೆ ಬೇರೆಯೇ ಆಗುತ್ತಿದ್ದಳು. ಯುಗಾದಿ ಹತ್ತಿರವಾಗಿ ಬಿಸಿಲು ಬಲಿತಿತೆಂದರೆ ಶ್ಯಾವಿಗೆ ಹಾಕುವ ಕಾಲ. ಓಣಿಗೆಲ್ಲ ಸೇರಿ ಒಂದೇ ಶ್ಯಾವಿಗೆ ಮಷಿನ್ನು, ಯಾರದೋ ಮನೆಯ ಹಳೆಯ ಬೆಂಚೊಂದನ್ನು ಪಾರ್ಕಿನ ಬಯಲಿಗೆ ತಂದು ಅದಕ್ಕೆ ಬಿಗಿಯುತ್ತಿದ್ದರು. ಒಬ್ಬಳು ಹಿಟ್ಟಿನ ಉಂಡೆ ಕೊಡಬೇಕು, ಒಬ್ಬಳು ಹಿಡಿಕೆ ತಿರುಗಿಸಬೇಕು, ಒಬ್ಬಳು ಕೆಳಗೆ ಇಳಿಯುವ ಎಳೆಯನ್ನು ಕಡಿಯದಂತೆ ಹಿಡಿದು ಹೊರಸಿನ, ಅಂದರೆ ಹಗ್ಗದ ಮಂಚದ, ಮೇಲೆ ಹರಡಬೇಕು. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ಹಿಟ್ಟಿನ ಹದ ಗೊತ್ತಿದ್ದವಳು ನಮ್ಮತ್ತೆ. ಪ್ರತಿ ಮನೆಯ ಪರಾತದೊಳಗೂ ಅವಳ ಬೆರಳು ಹೋಗಿ ಬರಬೇಕು, “ಇನ್ನಷ್ಟು ನಾದು” ಅಥವಾ “ತಡಿ, ನೆನೀಲಿ” ಎನ್ನಬೇಕು. ಅಲ್ಲಿ ಮುತ್ತೈದೆ, ವಿಧವೆ ಎಂದು ಯಾರೂ ನೋಡುತ್ತಿರಲಿಲ್ಲ. ನಡುಮಧ್ಯಾಹ್ನದವರೆಗೆ ಬಯಲ ತುಂಬ ಹೊರಸು, ಹೊರಸಿನ ತುಂಬ ಶ್ಯಾವಿಗೆ, ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರನ್ನೂ ಗದರಿಸುತ್ತ, ನಗುತ್ತ ನಮ್ಮತ್ತೆ. ಅವಳ ನಗು ಇಡೀ ಓಣಿಗೆ ಕೇಳುತ್ತಿತ್ತು.

ಈಗ ಸಾಹೇಬರು ಕೊಟ್ಟ ಪಾರ್ಕಿನ ನಕ್ಷೆ ಹೇಳುತ್ತೇನೆ. ನಡುವೆ ದುಂಡಗೆ ಕಾರಂಜಿ. ಕಾರಂಜಿಯಿಂದ ನಾಲ್ಕು ದಿಕ್ಕಿಗೆ ನಾಲ್ಕು ದಾರಿ. ದಾರಿಗಳ ನಡುವೆ ಹುಲ್ಲುಹಾಸು, ಅಂಚಿಗೆ ಕತ್ತರಿಸಿದ ಗಿಡ. ಸುತ್ತ ಕಬ್ಬಿಣದ ಗ್ರಿಲ್ಲು, ಒಂದು ಗೇಟು. ಗೇಟು ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ತೆರೆದಿರಬೇಕು, ಬಿಸಿಲ ಹೊತ್ತಿನಲ್ಲಿ ಬೀಗ. ಬೇರೆ ಊರಿನ ಪಾರ್ಕುಗಳೆಲ್ಲ ಹಾಗೆಯೇ ಅಂತೆ. ನಾನು ಟ್ರೇಸಿಂಗ್ ಪೇಪರಿನ ಮೇಲೆ ಅಚ್ಚುಕಟ್ಟಾಗಿ ಎಲ್ಲ ಬರೆದೆ. ಹುಲ್ಲುಹಾಸು ಎಂದು ಅಕ್ಷರ ತಿದ್ದುತ್ತಿದ್ದಾಗ ಕೈ ನಿಂತಿತು. ಅದು ಹೊರಸು ಹಾಕುವ ಜಾಗ. ಬೀಗ ಬೀಳುವ ಹೊತ್ತು ಶ್ಯಾವಿಗೆ ಒಣಗುವ ಹೊತ್ತು.

ತಾರಸಿ ಇದ್ದವರಿಗೆ ಚಿಂತೆಯಿಲ್ಲ, ತಮ್ಮ ತಮ್ಮ ಮಾಳಿಗೆ ಹತ್ತಿ ಹರಡಿಕೊಳ್ಳುತ್ತಾರೆ. ನಮ್ಮತ್ತೆಯದು ಹಂಚಿನ ಮನೆ. ಮೇಲೆ ಹತ್ತಿಹೋದ ಹೆಂಗಸರು ಕೆಳಗಿನ ಮನೆಯ ಬಾಗಿಲು ಬಡಿದು ಹದ ನೋಡು ಬಾ ಎಂದು ಕರೆಯುತ್ತಾರೆಯೇ? ಒಂದು ವರ್ಷ ಕರೆದಾರು. ಮರುವರ್ಷ ಅತ್ತೆಯೇ ಬಾಗಿಲು ಮುಂದೆ ಮಾಡಿಕೊಳ್ಳುತ್ತಾಳೆ. ಅವಳಿಗಿದ್ದದ್ದು ವರ್ಷಕ್ಕೆ ಅದೊಂದು ಸುಗ್ಗಿ, ಅದನ್ನು ನಾನೇ ನನ್ನ ಕೈಯಾರೆ ಹುಲ್ಲುಹಾಸು ಎಂದು ಬರೆದು ಮುಚ್ಚುತ್ತಿದ್ದೆ.

ಮನೆಗೆ ಬಂದು ಹೇಳಿದೆ. ಅತ್ತೆ ಸೂಜಿಗೆ ದಾರ ಪೋಣಿಸುತ್ತ, “ಪಾರ್ಕಾದ್ರೆ ಚಂದನೇ ಅಲ್ಲೇನೆ? ಶ್ಯಾವಿಗೆ ಏನು, ಅಂಗಡಿಯಾಗೆ ಪ್ಯಾಕೆಟ್ ಸಿಗ್ತಾವೆ” ಎಂದಳು. ಆವತ್ತು ಊಟಕ್ಕೆ ಕುಳಿತಾಗ ಮಜ್ಜಿಗೆಗೆ ಎರಡು ಸಲ ಉಪ್ಪು ಹಾಕಿದಳು.

ಅದೃಷ್ಟಕ್ಕೆ, ಕಟ್ಟುವ ಮೊದಲು ಓಣಿಯವರ ಅಭಿಪ್ರಾಯ ಕೇಳಬೇಕೆಂದು ಸಾಹೇಬರಿಗೆ ಮೇಲಿನಿಂದ ಸೂಚನೆಯಿತ್ತು. ವಿನೋಬನಗರದಲ್ಲಿ ಇಂಥದೇ ಸಭೆ ಮಾಡಿ, ಶಟಲ್ ಕೋರ್ಟು ಬೇಕೋ ಬೇಡವೋ ಎಂದು ಇಬ್ಬರು ಕೊರಳಪಟ್ಟಿ ಹಿಡಿದುಕೊಳ್ಳುವುದನ್ನು ನೋಡಿ ಬಂದಿದ್ದರು. ಹೀಗಾಗಿ ನಿಟ್ಟುವಳ್ಳಿಗೆ ಬರುವಾಗ ಸ್ವಲ್ಪ ಹೆದರಿಕೊಂಡೇ ಬಂದರು. ಸಂಕ್ರಾಂತಿ ಕಳೆದ ಒಂದು ಸಂಜೆ, ಬಯಲಲ್ಲೇ ಜಮಖಾನ ಹಾಸಿ, ಮಂಡಕ್ಕಿ-ಮೆಣಸಿನಕಾಯಿ ತರಿಸಿ ಸಭೆ ಕೂಡಿಸಿದೆವು. ಗಂಡಸರು ಜಮಖಾನದ ಮೇಲೆ, ಹೆಂಗಸರು ಹಿಂದೆ ನಿಂತುಕೊಂಡು.

ಪಕ್ಕದ ಮನೆಯ ಯಜಮಾನರು ಓಣಿಗೇ ಹಿರಿಯರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಒಳ್ಳೆಯ ಮನುಷ್ಯ. ಆದರೆ ಮಾತಾಡಲು ಶುರು ಮಾಡಿದರೆ ಮುಂದಿನವರ ಸರದಿ ಬರುತ್ತಿರಲಿಲ್ಲ. “ನೋಡ್ರಿ ಸಾಹೇಬ್ರೆ, ನಡುಮಧ್ಯ ಒಂದು ಗಣಪ್ಪನ ಗುಡಿ ಆಗ್ಬೇಕು. ಸುತ್ತ ನೀವು ಏನಾರ ಹಾಕ್ಕೊಳ್ರಿ” ಎಂದರು. ಒಬ್ಬರು ಸಮುದಾಯ ಭವನ ಎಂದರು, ಒಬ್ಬರು ವಾಕಿಂಗ್ ದಾರಿ ಎಂದರು. ಸಾಹೇಬರು ನಕ್ಷೆ ಬಿಡಿಸಿ ಕಾರಂಜಿ ತೋರಿಸಿದರು. ಜನ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ ತಲೆಯಾಡಿಸಿದರು.

ನಾನು ಎದ್ದು ಹೆಂಗಸರ ಕಡೆ ತಿರುಗಿದೆ. “ನೀವೇನಂತೀರ್ರಿ? ನಿಮಗೇನು ಬೇಕು?”

ಪಕ್ಕದ ಮನೆಯ ಅಕ್ಕ, ಅಂದರೆ ಆ ಯಜಮಾನರ ಸೊಸೆ, ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. “ಹಿರೇರು ಹೇಳಿದ್ರಲ್ಲವ್ವ. ನಮ್ದೂ ಅದೇ.” ಎಲ್ಲರೂ ಅದೇ ಎಂದರು. ಮಧ್ಯಾಹ್ನವಷ್ಟೇ ನಮ್ಮ ಅಡುಗೆಮನೆಯಲ್ಲಿ ಕುಳಿತು ಕಾರಂಜಿಯನ್ನು ಆಡಿಕೊಂಡು ನಕ್ಕ ಹೆಂಗಸರು ಇವರು! ನನಗೆ ಮೈ ಉರಿದುಹೋಯಿತು. “ಬಾಯಿ ಇದ್ದೋರು ಬರಗಾಲದಾಗೂ ಬದುಕ್ತಾರೆ, ನೀವು ಸುಗ್ಗಿಯಾಗೂ ಸಾಯ್ತೀರಿ” ಎಂದುಬಿಟ್ಟೆ. ಸಾಹೇಬರು ಕಣ್ಣು ಬಿಟ್ಟರು. ಅತ್ತೆ ತನ್ನ ಬಾಗಿಲಲ್ಲೇ ನಿಂತಿದ್ದಳು, ಸಭೆಗೆ ಬಂದಿರಲೇ ಇಲ್ಲ.

ಆ ಶನಿವಾರ ಹರಿಹರಕ್ಕೆ ಹೋದಾಗ ಅವ್ವನ ಮುಂದೆ ಎಲ್ಲ ಕಾರಿಕೊಂಡೆ. ಮರುದಿನ ಬೆಳಿಗ್ಗೆ ಅವಳು ಹಾಸಿಗೆಯ ದುಪ್ಪಟಿಗಳನ್ನು ಒಗೆಯಲು ಹೊಳೆಗೆ ಹೊರಟಳು, ನನ್ನನ್ನೂ ಎಳೆದುಕೊಂಡು ಹೋದಳು. ತುಂಗಭದ್ರೆಯಲ್ಲಿ ನೀರು ಇಳಿದಿತ್ತು, ದಡದಲ್ಲಿ ಸಾಲಾಗಿ ಒಗೆಯುವ ಕಲ್ಲು. ಒಂದು ಒಳ್ಳೆಯ ಅಗಲವಾದ ಕಲ್ಲು ಖಾಲಿಯಿತ್ತು, ಅವ್ವ ಅದನ್ನು ಬಿಟ್ಟು ಆಚೆಯ ಓರೆ ಕಲ್ಲಿಗೆ ಹೋದಳು.

“ಇದಕ್ಕೇನಾಗೈತೆ?” ಎಂದೆ.

“ಅದು ಕುಂಬಾರೋಣಿ ಅಜ್ಜೀದು. ಬಿಸಲೇರಿದ ಮ್ಯಾಲೆ ಬರ್ತಾಳೆ.”

“ಯಾರು ಹೇಳಿದ್ರು? ಬರ್ದೈತೇನು?”

“ಯಾರು ಹೇಳ್ಬೇಕೆ? ದಿನಾ ಅಲ್ಲೇ ಕೂಡ್ತಾಳೆ, ನೋಡಿದ್ರೆ ಗೊತ್ತಾಗಲ್ಲೇನು?” ಎಂದು ಅವ್ವ ಬಟ್ಟೆಗೆ ಸೋಪು ಹಚ್ಚತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, “ನಿಮ್ಮತ್ತೆ ನಗೋದೇ ಶ್ಯಾವಿಗಿ ಟೈಮಿನಾಗೆ. ಏನಾರ ಮಾಡೇ” ಎಂದಳು. ನಾದಿನಿಯ ಬಗ್ಗೆ ಅವಳು ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಸ್ಸಿನಲ್ಲಿ ವಾಪಸು ಬರುವಾಗ ತಲೆಯೊಳಗೆ ಆ ಕಲ್ಲೇ ಇತ್ತು. ಏನು ಬೇಕು ಎಂದು ಕೇಳಿದರೆ ಇವರು ಹೇಳುವುದಿಲ್ಲ. ಎಲ್ಲಿ ಕೂಡುತ್ತಾರೆ ಎಂದು ನೋಡಿದರೆ ಗೊತ್ತಾಗುತ್ತದೆ. ಸೋಮವಾರ ಆಫೀಸಿಗೆ ಹೋದವಳೇ ಸಾಹೇಬರಿಗೆ, “ಸರ್, ಕಾಗದ ಬ್ಯಾಡ. ಪಾರ್ಕನ್ನ ಅಲ್ಲೇ ನೆಲದ ಮ್ಯಾಲೆ ಹಾಕೋಣ, ಇದ್ದಷ್ಟೇ ದೊಡ್ಡದಾಗಿ. ಜನ ಅದರೊಳಗೆ ಓಡಾಡ್ಲಿ, ಕೂಡ್ಲಿ, ನಾನು ನೋಡ್ತೀನಿ” ಎಂದೆ. ಮನೆಯ ತಳಪಾಯಕ್ಕೆ ಸುಣ್ಣದಲ್ಲಿ ಗುರುತು ಹಾಕುವುದು ನಮ್ಮ ಕೆಲಸದಲ್ಲಿ ದಿನನಿತ್ಯದ ಸಂಗತಿ. ಸಾಹೇಬರು ಒಪ್ಪಿದರು.

ಸಂಜೆ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿ ಹಾಕುತ್ತ ಬಂದೆ. ಸುತ್ತಿನ ಗೆರೆ, ಹುಲ್ಲುಹಾಸಿನ ಗೆರೆ ಮುಗಿಯುವಷ್ಟರಲ್ಲಿ ಸುಣ್ಣ ಮುಗಿಯಿತು. ದಾರಿಗಳೂ ಕಾರಂಜಿಯೂ ಬಾಕಿ. ಹೊತ್ತು ಮುಳುಗುತ್ತಿತ್ತು. ಅಷ್ಟರಲ್ಲಿ ತಳ್ಳುಗಾಡಿಯ ರಂಗೋಲಿಯವನು ಕೂಗುತ್ತ ಬಂದ. ಬಿಳಿ ಪುಡಿ ಎಲ್ಲವೂ ಒಂದೇ ಅಲ್ಲವೇ? ಒಂದು ಚೀಲ ಕೊಂಡುಕೊಂಡೆ. ನಾಲ್ಕು ದಾರಿ ಎಳೆದೆ, ನಡುವೆ ದೊಡ್ಡ ದುಂಡಗೆ ಕಾರಂಜಿ ಹಾಕಿದೆ. ಬರೀ ಸೊನ್ನೆಯ ಹಾಗೆ ಕಂಡಿತು. ಖುಷಿಯಲ್ಲಿದ್ದೆ, ಒಳಗೆ ಎಂಟು ಎಸಳು ತುಂಬಿಬಿಟ್ಟೆ.

“ಎಡಗಡೆ ಎಸಳು ದೊಡ್ಡದಾತು” ಎಂದು ಬಾಗಿಲಿನಿಂದ ಅತ್ತೆಯ ದನಿ ಬಂತು. ತಡೆದುಕೊಳ್ಳಲಾಗಲಿಲ್ಲ ಅವಳಿಗೆ.

ಮನೆಮನೆಗೂ ಹೋಗಿ ಹೇಳಿ ಬಂದೆ: ನಾಳೆ ಪಾರ್ಕಿನಾಗೆ ಓಡಾಡ್ರಿ, ಎಲ್ಲಿ ಕೂಡ್ಬೇಕು ಅನ್ನಿಸ್ತೈತೋ ಅಲ್ಲಿ ಕೂಡ್ರಿ.

ಬೆಳಿಗ್ಗೆ ಬಾಗಿಲಲ್ಲಿ ಕುಳಿತು ನೋಡಿದೆ. ದಿನಾ ಬಯಲನ್ನು ಅಡ್ಡ ಹಾಯ್ದು ಹೋಗುತ್ತಿದ್ದ ಹಾಲಿನವನು ನನ್ನ ದಾರಿಯ ಅಂಚಿಗೆ ಬಂದು, ಸೈಕಲ್ಲಿನಿಂದ ಇಳಿದು, ಸುತ್ತು ಹಾಕಿ ಹೋದ. ಶಾಲೆಯ ಮಕ್ಕಳು ಸಾಲಾಗಿ ಗೆರೆಯ ಹೊರಗೇ ನಡೆದರು. ಎಮ್ಮೆಯವರು ಎಮ್ಮೆಯನ್ನು ಬೇರೆ ಕಡೆ ಕಟ್ಟಿದರು. ಒಬ್ಬಾತ ಪಂಚೆ ಎತ್ತಿ ಹಿಡಿದು ದಾರಿಯನ್ನು ಒಂದೇ ನೆಗೆತಕ್ಕೆ ದಾಟಿದ. ಆಗ ನನ್ನ ತಲೆಗೆ ಹೊಳೆಯಿತು. ನಾನು ದಾರಿಯನ್ನು ರಂಗೋಲಿಯಲ್ಲಿ ಹಾಕಿದ್ದೆ. ರಂಗೋಲಿಯನ್ನು ಯಾರು ತುಳಿಯುತ್ತಾರೆ? ಇಡೀ ಓಣಿಯಲ್ಲಿ ಅಭಿಪ್ರಾಯ ತಿಳಿಸಿದ್ದು ಹುಲ್ಲುಹಾಸಿನಲ್ಲಿ ಮಲಗಿದ ಒಂದು ನಾಯಿ ಮಾತ್ರ.

ಬಿಸಿಲೇರುವ ಹೊತ್ತಿಗೆ ಕಾರಂಜಿಯ ನಡುವೆ ಯಾರೋ ಕುಂಕುಮ ಇಟ್ಟಿದ್ದರು. ಆಮೇಲೆ ದಾಸವಾಳ ಬಂತು. ಬಾಳೆಹಣ್ಣಿಗೆ ಚುಚ್ಚಿದ ಊದಿನಕಡ್ಡಿ ಬಂತು. ಕೊನೆಗೆ ಪಕ್ಕದ ಮನೆಯ ಯಜಮಾನರು ತೆಂಗಿನಕಾಯಿ ಹಿಡಿದು ಬಂದು, ಒಡೆದು, ಎರಡು ಹೋಳನ್ನೂ ನನ್ನ ಎಸಳುಗಳ ಮೇಲಿಟ್ಟು ಕೈಮುಗಿದರು. ಸರಿಯಾಗಿ ಆಗಲೇ ಸಾಹೇಬರ ಸ್ಕೂಟರು ಬಂದು ನಿಂತಿತು.

“ಏನವ್ವ ಇದು? ಜನ ಎಲ್ಲಿ ಓಡಾಡ್ತಾರೆ ನೋಡು ಅಂದ್ರೆ ಪ್ರತಿಷ್ಠಾಪನೆ ಮಾಡ್ಸಿದೀಯಲ್ಲ!”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರೆ. ನಾನು ಪಾರ್ಕು ಮಾಡಲು ಹೋಗಿ ಗಣಪತಿಯನ್ನೇ ಮಾಡಿಟ್ಟಿದ್ದೆ.

ಯಜಮಾನರ ಮುಖ ಅರಳಿತ್ತು. “ಜಾಗನೇ ಕೇಳ್ತೈತೆ ಸಾಹೇಬ್ರೆ. ಒಬ್ರೂ ತುಳೀಲಿಲ್ಲ ನೋಡ್ರಿ.”

“ಅಜ್ಜಾರೆ, ಅದು ನಾನು ಹಾಕಿದ್ದು. ತಳ್ಳುಗಾಡಿಯೋನ ಹತ್ರ ಪುಡಿ ತಗೊಂಡು ಹಾಕೀನಿ” ಎಂದೆ.

“ಯಾರು ಹಾಕಿದ್ರೇನವ್ವ, ಹಾಕ್ಸಿದೋನು ಆತ.”

ಇದಕ್ಕೆ ಏನು ಹೇಳುತ್ತೀರಿ? ಸಿಟ್ಟು ನೆತ್ತಿಗೇರಿತು. ಅಳಿಸಿಯೇ ಬಿಡುತ್ತೇನೆ ಎಂದು ಕಾಲೆತ್ತಿದೆ. ಸುತ್ತ ನಿಂತವರೆಲ್ಲ “ಏ, ಏ, ಏ!” ಎಂದರು. ನಿಜ ಹೇಳಬೇಕೆಂದರೆ ಅವರು ಅನ್ನದಿದ್ದರೂ ನನ್ನ ಕಾಲು ಕೆಳಗೆ ಇಳಿಯುತ್ತಿರಲಿಲ್ಲ. ಹಾಗೆಯೇ ಹಿಂದಕ್ಕೆ ಇಟ್ಟುಕೊಂಡೆ.

ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, “ಜನರ ಅಭಿಪ್ರಾಯ ಇದೇ ಅಂದ್ರೆ ಗುಡಿಗೆ ಜಾಗ ಬಿಟ್ಟು ನಕ್ಷೆ ಬದಲು ಮಾಡೋಣ. ನಾಳೆ ಬೆಳಿಗ್ಗೆ ಬರ್ತೀನಿ, ಬೇರೆ ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಹೇಳ್ಲಿ” ಎಂದು ಹೊರಟುಹೋದರು. ಕಾರಂಜಿಯಾದರೆ ಮುಂದೆಂದಾದರೂ ಕಿತ್ತು ಹಾಕಬಹುದು, ಗುಡಿಯನ್ನು ಯಾರು ಕೀಳುತ್ತಾರೆ? ಮಡಿಯ ನೆಲದಲ್ಲಿ ಹೊರಸು ಹಾಕಲು ಯಾರು ಬಿಡುತ್ತಾರೆ? ಅತ್ತೆ ಅಲ್ಲಿಯೂ ದೂರ ನಿಲ್ಲುವವಳೇ. ಸಂಜೆಯೆಲ್ಲ ನಾನು ಕೂಗಾಡಿದೆ, ನನ್ನನ್ನೂ ಬೈದುಕೊಂಡೆ, ಓಣಿಯನ್ನೂ ಬೈದೆ. ಅತ್ತೆ ಫಾಲ್ ಹಚ್ಚುತ್ತಲೇ ಇದ್ದಳು. ಕೊನೆಗೆ ದಾರವನ್ನು ಹಲ್ಲಲ್ಲಿ ಕಡಿದು, “ರಂಗೋಲಿ ಒಂದು ದಿನದ್ದು ಕಣೆ” ಎಂದಳು. ಸಮಾಧಾನಕ್ಕೆ ಏನೋ ಹೇಳುತ್ತಿದ್ದಾಳೆ ಎಂದುಕೊಂಡು ನಾನು ಉಣ್ಣದೆ ಮಲಗಿದೆ.

ಬೆಳಿಗ್ಗೆ ಗುಡಿಸುವ ಸದ್ದಿಗೆ ಎಚ್ಚರವಾಯಿತು. ದಿನಾ ಕೇಳುವ ಸದ್ದೇ, ಆದರೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಹೊರಗೆ ಬಂದು ನೋಡಿದರೆ ಬಯಲ ನಡುವೆ ಅತ್ತೆ. ಕಸಬರಿಗೆ ಹಿಡಿದು ನನ್ನ ನಾಲ್ಕು ದಾರಿಯನ್ನೂ ಗುಡಿಸುತ್ತ ಬಂದಿದ್ದಳು. ಪಕ್ಕದಲ್ಲಿ ನೀರಿನ ಬಕೆಟ್ಟು. ಹೂವು, ಕಾಯಿಹೋಳುಗಳನ್ನು ಜೋಪಾನವಾಗಿ ಎತ್ತಿ ಬುಟ್ಟಿಯಲ್ಲಿಟ್ಟಿದ್ದಳು.

ಯಜಮಾನರು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಓಡಿಬಂದರು. “ಏ ತಂಗೀ, ಏನ್ ಮಾಡ್ತೀಯವ್ವ! ನಿನ್ನೆ ಅಲ್ಲಿ ಕಾಯಿ ಒಡ್ದೀವಿ!”

ಅತ್ತೆ ಬಗ್ಗಿದ ಸೊಂಟ ಎತ್ತಲಿಲ್ಲ. “ನಿನ್ನೆ ರಂಗೋಲಿ ಇವತ್ತು ಇಟ್ಕೊಂತಾರೇನ್ರಿ ಅಣ್ಣಾರೆ? ನಿಮ್ಮ ಸೊಸಿ ಅಂಗಳದಾಗೆ ಹಂಗೇ ಬಿಟ್ರೆ ನೀವು ಸುಮ್ನಿರ್ತೀರೇನು?”

ಹಳೆಯ ರಂಗೋಲಿಯನ್ನು ಗುಡಿಸದೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದು ಸೊಸೆಯನ್ನು ಗದರಿಸುವ ಯಜಮಾನರ ದನಿ ನಮ್ಮ ಮನೆಗೇ ಎಷ್ಟೋ ಸಲ ಕೇಳಿತ್ತು. ಅವರು ಬೇವಿನ ಕಡ್ಡಿ ಬಾಯಿಂದ ತೆಗೆದು, “ಹೌದು ಮತ್ತೆ” ಎಂದರು. ಅತ್ತೆ ಬುಟ್ಟಿಯನ್ನು ಅವರ ಕೈಗೆ ಕೊಟ್ಟಳು. “ಪ್ರಸಾದ. ಮನಿಯಾಗೆ ಎಲ್ರಿಗೂ ಕೊಡ್ರಿ.” ಅವರು ಬುಟ್ಟಿ ಹಿಡಿದುಕೊಂಡು ಒಳಗೆ ಹೋದರು. ನನ್ನ ಕಾಲು ಮಾಡಲಾರದ ಕೆಲಸವನ್ನು ಅತ್ತೆಯ ಕಸಬರಿಗೆ ಮಾಡಿತ್ತು.

ಅದು ಹೆಂಗಸರು ಅಂಗಳದಲ್ಲಿ ಇರುವ ಹೊತ್ತು. ಪ್ರತಿ ಬಾಗಿಲಲ್ಲೂ ಒಬ್ಬಳು ಗುಡಿಸುತ್ತಲೋ, ನೀರು ಹಾಕುತ್ತಲೋ ಇದ್ದಳು. ಎಲ್ಲರ ಕೈಯಲ್ಲೂ ರಂಗೋಲಿಯ ಬಟ್ಟಲು. ಸಂಜೆ ಜಮಖಾನ ಹಾಸಿ ಸಭೆ ಕರೆದ ನಾವು ಎಂಥ ದಡ್ಡರು! ಇವರ ಸಭೆ ದಿನಾ ಬೆಳಿಗ್ಗೆ ತಾನಾಗಿಯೇ ಕೂಡುತ್ತಿತ್ತು. ಒಬ್ಬೊಬ್ಬರಾಗಿ ಬಯಲಿಗೆ ಬಂದರು. ಅತ್ತೆ ನೀರು ಚಿಮುಕಿಸಿ ಮುಗಿಸಿ, ಬಕೆಟ್ಟು ಎತ್ತಿಕೊಂಡು ಮನೆಯ ಕಡೆ ತಿರುಗಿದಳು.

“ಅಕ್ಕಾ, ಬರೇ ನೆಲ ಬಿಟ್ಟು ಹೋಗ್ತೀರೇನು?” ಎಂದಳು ಪಕ್ಕದ ಮನೆಯ ಅಕ್ಕ.

“ನೀನೇ ಹಾಕವ್ವ.”

“ಇಷ್ಟು ದೊಡ್ಡದು ನನ್ಗೆ ಬರಲ್ಲ. ನಿಮ್ಮ ಕೈನೇ ಆಗ್ಬೇಕು” ಎಂದು ಬಟ್ಟಲು ಮುಂದೆ ಹಿಡಿದಳು.

ಅತ್ತೆ ಬಟ್ಟಲನ್ನು ನೋಡಿದಳು, ಮುಟ್ಟಲಿಲ್ಲ. ಹಿಡಿದ ಕೈ ಹಾಗೆಯೇ ಇತ್ತು. ಮಾತು ತಡೆದು ಗೊತ್ತಿಲ್ಲದ ನಾನೂ ಅಂದು ಬಾಯಿ ಬಿಗಿಹಿಡಿದು ನಿಂತೆ. ಕೊನೆಗೆ ಆ ಅಕ್ಕ ದನಿ ಇಳಿಸಿ ಹೇಳಿದಳು: “ಶ್ಯಾವಿಗಿ ಹೊರಸು ಎಲ್ಲಿ ಬರ್ಬೇಕು ಅಷ್ಟಾರ ಗುರ್ತು ಮಾಡ್ರಿ. ಅದೇನು ರಂಗೋಲಿ ಅಲ್ಲ ಬಿಡ್ರಿ.”

ಸ್ವಂತ ತಾರಸಿ ಇದ್ದ ಹೆಂಗಸು ಆಕೆ. ಆ ಮಾತು ಹೇಳಿದ ಆಕೆಯನ್ನು ನಾನು ಈಗಲೂ ನೆನೆಯುತ್ತೇನೆ.

ಅತ್ತೆ ಬಕೆಟ್ಟು ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತಲೆಯೆತ್ತಿ ಸೂರ್ಯ ಹುಟ್ಟುವ ದಿಕ್ಕು ನೋಡಿ, ನಾಲ್ಕು ಹೆಜ್ಜೆ ಆ ಕಡೆ ಸರಿದು, ಬಟ್ಟಲಿನಿಂದ ಚಿಟಿಕೆ ಪುಡಿ ತೆಗೆದು ಬಗ್ಗಿದಳು. ಗೆರೆ ಬಂತು. ದಾರ ಕಟ್ಟದೆ, ಗೂಟ ಹೊಡೆಯದೆ, ದಾರ ಹಿಡಿದಷ್ಟೇ ನೆಟ್ಟಗೆ ಬಂತು. ನಾಲ್ಕು ಹೊರಸು ಹಿಡಿಸುವಷ್ಟು ಉದ್ದದ ಚೌಕ ಹಾಕಿ ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದಳು: “ಇಲ್ಲಿ ಹುಲ್ಲು ಹಾಕಬ್ಯಾಡ್ರಿ. ಚಪ್ಪಡಿ ಹಾಕ್ರಿ. ಮಧ್ಯಾನ್ನ ಪೂರ್ತಿ ಬಿಸಲು ಬೀಳೋದು ಇಲ್ಲೇ.”

ಅಲ್ಲಿಂದ ಶುರುವಾಯಿತು ನೋಡಿ. ಮಕ್ಕಳು ಆಡುವ ಜಾಗ ಅಡುಗೆಮನೆಯ ಕಿಟಕಿಗೆ ಕಾಣುವಂತೆ ಇರಬೇಕು ಎಂದು ಒಬ್ಬಳು ಮೂಲೆಯಲ್ಲಿ ಗೆರೆ ಎಳೆದಳು. ಗೇಟು ದೊಡ್ಡ ರಸ್ತೆಗೆ ಬೇಡ, ಓಣಿಯ ಕಡೆ ಇರಲಿ ಎಂದು ಇನ್ನೊಬ್ಬಳು. ಬೇಸಿಗೆಯಲ್ಲಿ ಮಧ್ಯಾಹ್ನ ಬೀಗ ಹಾಕಕೂಡದು ಎಂದು ಎಲ್ಲರೂ ಒಟ್ಟಿಗೆ. ಸಭೆಯಲ್ಲಿ ಸೆರಗು ಎಳೆದುಕೊಂಡವರೇ ಇವರು? ಮಾತು ಮುಗಿಯುವ ಮೊದಲೇ ಇನ್ನೊಬ್ಬಳ ಮಾತು ಬೀಳುತ್ತಿತ್ತು. ಸಾಹೇಬರ ಸ್ಕೂಟರು ಬಂದಾಗ ಬಯಲ ತುಂಬ ಗೆರೆ. ಅವರು ಗೆರೆ ತುಳಿಯದಂತೆ ತುದಿಗಾಲಲ್ಲಿ ಒಳಗೆ ಬಂದರು.

“ಕಾರಂಜಿ ಎಲ್ಲಿ?” ಎಂದು ಕೇಳಿದರು ಮೆಲ್ಲಗೆ.

“ನಲ್ಲಿಯಾಗೇ ನೀರು ಬರಲ್ಲ, ಕಾರಂಜಿಗೆ ಎಲ್ಲಿಂದ ತರ್ತೀರಿ ಸಾಹೇಬ್ರೆ? ಹೊಟ್ಟಿಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗಿ ಹೂವಾ?” ಎಂದಳು ನಮ್ಮತ್ತೆ. ಹೆಂಗಸರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಯುಗಾದಿ ಇನ್ನೂ ದೂರವಿತ್ತು. ಸಾಹೇಬರು ಟೇಪು ತೆಗೆದು, ಒಂದು ತುದಿ ನನ್ನ ಕೈಗೆ ಕೊಟ್ಟರು. ಯಜಮಾನರಿಗೆ ಗುಡಿಯ ಬದಲು ಒಂದು ಬೇವಿನ ಸಸಿ, ಅದಕ್ಕೊಂದು ಕಟ್ಟೆ ಎಂದಾಯಿತು. ಮರ ದೊಡ್ಡದಾಗುವುದರೊಳಗೆ ತಾನಿರುತ್ತೇನೋ ಇಲ್ಲವೋ ಎಂದು ಗೊಣಗಿದರು. ಆದರೆ ದಿನಾ ಅದಕ್ಕೆ ನೀರು ಹಾಕಿದವರೂ ಅವರೇ.

ಕೆಲಸ ಅಂದುಕೊಂಡಂತೆ ಬೇಗ ಮುಗಿಯಲಿಲ್ಲ. ಇಂಥವು ಯಾವಾಗ ಬೇಗ ಮುಗಿದಿವೆ? ಆ ಬೇಸಿಗೆ ಕಲ್ಲುಚಪ್ಪಡಿಯ ರಾಶಿಯ ಪಕ್ಕದಲ್ಲೇ ಶ್ಯಾವಿಗೆ ಹಾಕಿದರು. ಮುಂದಿನ ಯುಗಾದಿಗೆ ಸ್ವಲ್ಪ ಮೊದಲು ಪಾರ್ಕು ತಯಾರಾಯಿತು. ರಿಬ್ಬನ್ನು ಕತ್ತರಿಸುವ ದಿನ ಸೋಮವಾರ ಬಿದ್ದಿತ್ತು. ನಾನು ಹರಿಹರದಿಂದ ಮೊದಲ ಬಸ್ಸಿಗೇ ಹೊರಟು ಬಂದೆ.

ಓಣಿಗೆ ಕಾಲಿಟ್ಟಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹೊಸ ಗೇಟಿನ ಮುಂದೆ ಹೆಂಗಸರೆಲ್ಲ ಸೇರಿ ದೊಡ್ಡ ರಂಗೋಲಿ ಹಾಕುತ್ತಿದ್ದರು. ಅತ್ತೆ ಅಲ್ಲಿರಲಿಲ್ಲ. ಮತ್ತೆ ಬಾಗಿಲು ಮುಂದೆ ಮಾಡಿಕೊಂಡಳೇ ಎಂದು ಮನೆಯ ಕಡೆ ನಡೆದೆ.

ಬಾಗಿಲು ತೆರೆದಿತ್ತು. ಅಂಗಳ ಗುಡಿಸಿ, ನೀರು ಹಾಕಿ ಒದ್ದೆಯಿತ್ತು. ಹೊಸ್ತಿಲ ಮುಂದೆ, ಸರಿಯಾಗಿ ಕಾಲಿಡುವ ಜಾಗದಲ್ಲಿ, ಅಂಗೈಯಗಲದ ಒಂದು ರಂಗೋಲಿ. ನಾಲ್ಕು ಚುಕ್ಕಿ, ಅವುಗಳ ಸುತ್ತ ಬಳಸಿ ಬಂದ ಒಂದೇ ಎಳೆ. ಹೂವಿಲ್ಲ, ಬಣ್ಣವಿಲ್ಲ. ನೋಡದೆ ನಡೆದರೆ ಚಪ್ಪಲಿಯಡಿ ಹೋಗಿಬಿಡುವಷ್ಟು ಚಿಕ್ಕದು.

ಒಂದು ಹೆಜ್ಜೆ ಉದ್ದಕ್ಕೆ ಹಾಕಿದ್ದರೆ ದಾಟಬಹುದಿತ್ತು. ದಾಟಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಸಂದಿಯಲ್ಲಿ ಸುತ್ತಿಕೊಂಡು, ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ. ಅತ್ತೆ ಒಲೆಯ ಮುಂದೆ ಚಹಾ ಸೋಸುತ್ತಿದ್ದಳು.

“ಮುಂದಿನ ಬಾಗ್ಲು ತೆಗ್ದೇ ಐತಲ್ಲೆ. ಕಳ್ಳಿ ಹಂಗೆ ಹಿಂದಿನಿಂದ ಯಾಕ ಬಂದೆ?”

“ರಂಗೋಲಿ ಹಾಕೀಯಲ್ಲ ಅತ್ತೆ. ತುಳಿದೇನು ಅಂತ ಸುತ್ತಿ ಬಂದೆ.”

ಅವಳು ನನ್ನ ಕಡೆ ತಿರುಗಲಿಲ್ಲ. ಲೋಟಕ್ಕೆ ಚಹಾ ಹಾಕಿ ಮುಂದೆ ಸರಿಸಿದಳು.

“ತುಳಿದ್ರೆ ಏನಾತು? ನಾಳೆ ಮತ್ತೆ ಹಾಕ್ತೀನಿ.”